ಎರಡು ಬಾಗಿಲಿಗೆ ಒಂದು ದೀಪ

ಮಂಡಿಕಲ್ ಕಡೆಯ ಒಂದು ಹಳ್ಳಿ. ಕೋಳಿ ಕೂಗಿ ಆಗಿದೆ, ಬೆಳಕು ಮಾತ್ರ ಇನ್ನೂ ಹಿಪ್ಪುನೇರಳೆ ತೋಟದ ಆಚೆಯೇ ನಿಂತಿದೆ. ರೇಷ್ಮೆ ಬೆಳೆಗಾರ ನಲ್ಲಪ್ಪನವರ ಹುಳು ಮನೆಯ ಬಾಗಿಲಲ್ಲಿ ವೈರ್‌ಮನ್ ಮುನಿಶಾಮಿ ಕಾಲು ತೊಳೆದು, ಹೊಸಿಲ ಬಳಿ ಹರಡಿದ ಸುಣ್ಣದ ಪುಡಿಯ ಮೇಲೆ ಹೆಜ್ಜೆ ಒತ್ತಿ ಒಳಗೆ ಬರುತ್ತಾರೆ. ಹುಳು ಸಾಕುವ ಮನೆಗೆ ಹೊರಗಿನವರು ಸುಮ್ಮನೆ ನುಗ್ಗುವ ಹಾಗಿಲ್ಲ. ಬೀಡಿ ಸೇದಿದ ಬಾಯಿ, ತಲೆಗೆ ಹಚ್ಚಿದ ವಾಸನೆ ಎಣ್ಣೆ, ಯಾವುದೂ ಸಲ್ಲದು. ಈ ಕಾರಣಕ್ಕೇ ಮುನಿಶಾಮಿ ಬೀಡಿ ಬಿಟ್ಟು ಎಷ್ಟೋ ವರ್ಷವಾಗಿದೆ.

ಒಳಗೆ ಕತ್ತಲು. ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ಹುಳುಗಳು ಹಸಿದು ಸೊಪ್ಪು ಮೇಯುವ ಸದ್ದು ದೂರದ ಕಣದಲ್ಲಿ ಯಾರೋ ರಾಗಿ ಕೇರಿದ ಹಾಗೆ ಕೇಳುತ್ತಿದೆ. ಜಂತೆಯಿಂದ ಇಳಿಬಿದ್ದ ಹೋಲ್ಡರಿನಲ್ಲಿ ಬಲ್ಬಿಲ್ಲ. ನಲ್ಲಪ್ಪನವರ ಕೈಯಲ್ಲಿ ಲಾಟೀನು. ಬಾಗಿಲ ಪಕ್ಕದ ಸ್ವಿಚ್ ಬೋರ್ಡನ್ನು ಮುನಿಶಾಮಿ ನೋಡುತ್ತಾರೆ, ಮುಟ್ಟುವುದಿಲ್ಲ. ಇವತ್ತು ಅವರನ್ನು ಕರೆಸಿರುವುದು ಹಾಕುವುದಕ್ಕಲ್ಲ, ಕೀಳುವುದಕ್ಕೆ.

"ಕಿತ್ತಾಕ್ಬಿಡು ಮುನಿಶಾಮಿ ಅದನ್ನ. ಒಂದು ದೀಪಕ್ಕೆ ಒಂದು ಸ್ವಿಚ್ಚು ಸಾಕು. ನಮ್ ತಾತನ ಕಾಲದಲ್ಲಿ ಅದೂ ಇರ್ಲಿಲ್ಲ" ಎನ್ನುತ್ತಾರೆ ನಲ್ಲಪ್ಪ.

"ನಿಮ್ ತಾತ ಸೊಪ್ಪು ಹೊರ್ಸಿದ್ದು ನಿಮ್ಮಜ್ಜಿ ತಲೆ ಮೇಲೆ. ಎಡವಿ ಬಿದ್ದೋಳು ಅವ್ಳು, ಅವರಿಗೇನು?" ನಲ್ಲಪ್ಪನವರ ಹೆಂಡತಿ ಓಬಳಮ್ಮ ಹಿಂದಿನಿಂದ ಸೇರಿಸುತ್ತಾರೆ. ಹೋದ ವಾರ ಇದೇ ಕತ್ತಲಲ್ಲಿ ಸೊಪ್ಪಿನ ಹೊರೆ ಸಮೇತ ಬಿದ್ದು ಅವರ ಮಂಡಿ ಊದಿಕೊಂಡಿದೆ. ಎರಡರಲ್ಲೊಂದು ಸ್ವಿಚ್ಚು ಕೀಳಿಸಿ ಮತ್ತೆ ಬಲ್ಬು ಹಾಕೋಣವೆಂದು ಮುನಿಶಾಮಿಯನ್ನು ಕರೆಸಿದ್ದಾರೆ. ಹುಳು ಒಳಗಿರುವಾಗ ಹೊಸ ಕೈ ಆಗದು, ಹಾಕಿದವನೇ ಬಂದು ಕೀಳಲಿ ಎಂಬುದು ಮನೆಯವರ ಮಾತು.

ಹುಳು ಮನೆ ಉದ್ದಕ್ಕಿದೆ. ಒಂದು ಬಾಗಿಲು ಮನೆಯ ಕಡೆಗೆ, ಇನ್ನೊಂದು ತೋಟದ ಕಡೆಗೆ. ನಡುವೆ ಒಂದೇ ದೀಪ. ಸೊಪ್ಪು ಹೊತ್ತು ತೋಟದ ಬಾಗಿಲಿಂದ ಬಂದವರು ಅಲ್ಲೇ ದೀಪ ಹಾಕಿ, ಹುಳುವಿನ ತಟ್ಟೆಗಳಿಗೆಲ್ಲ ಸೊಪ್ಪು ಕೊಟ್ಟು, ಮನೆಯ ಬಾಗಿಲಲ್ಲಿ ಆರಿಸಿ ಹೋಗಬಹುದು. ಇದೇ ಟೂ-ವೇ ಸ್ವಿಚ್ಚಿನ ಅನುಕೂಲ. ಎರಡು ಸ್ವಿಚ್ಚುಗಳ ನಡುವೆ ಎರಡು ವೈರು ಓಡುತ್ತವೆ. ಎರಡೂ ಸ್ವಿಚ್ಚು ಒಂದೇ ವೈರನ್ನು ಹಿಡಿದರೆ ದೀಪ ಹತ್ತುತ್ತದೆ, ಬೇರೆ ಬೇರೆ ಹಿಡಿದರೆ ಆರುತ್ತದೆ. "ಇಬ್ರೂ ಒಂದೇ ಮಾತಿಗೆ ಬಂದ್ರೆ ಬೆಳಕು, ಅಷ್ಟೇಯ" ಎಂದು ಮುನಿಶಾಮಿ ಹಳ್ಳಿಯವರಿಗೆ ಬಿಡಿಸಿ ಹೇಳುತ್ತಿದ್ದರು.

ಹೇಳುತ್ತಿದ್ದರು, ಈಗ ಹೇಳುವುದಿಲ್ಲ. ಕೇಳುವವರು ಕಡಿಮೆಯಾಗಿದ್ದಾರೆ.

ಶಿಡ್ಲಘಟ್ಟದ ಮುನಿಶಾಮಿ ಹುಡುಗನಾಗಿದ್ದಾಗ ನೂಲು ಬಿಚ್ಚುವ ಘಟಕದಲ್ಲಿ ಒಲೆ ಉರಿಸುತ್ತಿದ್ದವರು. ಅಲ್ಲಿಗೆ ಮೋಟರು ರಿಪೇರಿಗೆ ಬರುತ್ತಿದ್ದವರೊಬ್ಬರ ಹಿಂದೆ ತಿರುಗಿ ವೈರಿಂಗ್ ಕಲಿತರು. ಹಳೇ ಟಿವಿಎಸ್ ಗಾಡಿಗೆ ಏಣಿ ಕಟ್ಟಿಕೊಂಡು ಚಿಂತಾಮಣಿಯಿಂದ ಗೌರಿಬಿದನೂರಿನ ತನಕ ಓಡಾಡಿದ್ದಾರೆ. ಒಂದು ದಿನ ಎರಡು ಮನೆ, ಇನ್ನೊಂದು ದಿನ ಒಂದೂ ಇಲ್ಲ. ಕೈಕೆಳಗಿದ್ದ ಸಹಾಯಕ ಬೇರೆ ಕೆಲಸ ಹಿಡಿದು ಹೋದಾಗ, ಕೈವಾರದ ಹತ್ತಿರದ ಮನೆಯೊಂದಕ್ಕೆ ಬುತ್ತಿ ತಂದಿದ್ದ ಹೆಂಡತಿ ಅಮ್ಮಾಜಮ್ಮ ಏಣಿ ಹಿಡಿದು ನಿಂತರು. ಆಮೇಲೆ ಅವರು ಬುತ್ತಿ ಕೊಟ್ಟು ಹಿಂದಿರುಗಲೇ ಇಲ್ಲ, ಜೊತೆಗೇ ಬರತೊಡಗಿದರು.

ಟೂ-ವೇ ಸ್ವಿಚ್ಚು ಸರಿಯಾಗಿದೆಯೇ ಎಂದು ನೋಡಲು ಎರಡು ತುದಿಯಲ್ಲಿ ಇಬ್ಬರು ಬೇಕು. ಮುನಿಶಾಮಿ ಒಂದು ಬಾಗಿಲಲ್ಲಿ ಒತ್ತುತ್ತಿದ್ದರು, ಮತ್ತೊಂದು ಬಾಗಿಲಿಂದ ಅಮ್ಮಾಜಮ್ಮ, ತೆಲುಗು ಮಾತಾಡುವ ಮನೆಯಿಂದ ಬಂದವರು, ದೀಪ ಹತ್ತಿದರೆ "ವಚ್ಚಿಂದಿ!" ಎಂದು, ಆರಿದರೆ "ಪೋಯಿಂದಿ!" ಎಂದು ಕೂಗುತ್ತಿದ್ದರು. ಅವರ ಕೂಗು ಬೀದಿಗೆಲ್ಲ ಕೇಳುತ್ತಿತ್ತು. "ಮನೇಲಿ ಮಾತಾಡಕ್ಕೆ ಪುರಸೊತ್ತಿಲ್ಲ, ಅದಕ್ಕೆ ಗಂಡ ಹೆಂಡ್ತಿ ಕಂಡೋರ ಮನೇಲಿ ಕೂಗಾಡ್ತಾರೆ" ಎಂದು ಜನ ನಗುತ್ತಿದ್ದರು. ಕೆಲಸ ನಡೆವಾಗ ಯಾರೂ ಮೇನ್ ಸ್ವಿಚ್ಚಿಗೆ ಕೈ ಹಾಕದಂತೆ ಕಾವಲು ನಿಲ್ಲುತ್ತಿದ್ದವರೂ ಅವರೇ. ಈಗ ಪ್ರತಿ ಮನೆಯಲ್ಲೂ ಕೆಲಸಕ್ಕೆ ಮುಂಚೆ ಮುನಿಶಾಮಿ ಫ್ಯೂಸನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ. ಆಗಾಗ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ.

ಹೋದ ವರ್ಷ, 2005ರ ಯುಗಾದಿಗೆ ಮುಂಚೆ, ಅಮ್ಮಾಜಮ್ಮ ನಿಂತು ಕೂಗಿದ ಕೊನೆಯ ಮನೆ ಈ ನಲ್ಲಪ್ಪನವರದು. ಅದಾಗಲೇ ಅವರಿಗೆ ಉಸಿರು ಎಳೆಯುತ್ತಿತ್ತು. ಕೂಗಿ, ಗೋಡೆ ಹಿಡಿದು ಕೂತು, ಮತ್ತೆ ಎದ್ದು ಕೂಗಿದ್ದರು. ಹಬ್ಬ ಕಳೆದ ಮೇಲೆ ಹಾಸಿಗೆ ಹಿಡಿದವರು ಏಳಲಿಲ್ಲ.

ಶ್ರಾವಣದಲ್ಲಿ ಇಲ್ಲಿ ಹುಳು ಹಣ್ಣಾಗಿ ಚಂದ್ರಿಕೆಗೆ ಬಂದವು. ಗೂಡು ಕಟ್ಟಲು ಹುಳು ಬಿಡುವ ಬಿದಿರಿನ ತಟ್ಟಿಯೇ ಚಂದ್ರಿಕೆ. ಆ ಹೊತ್ತಿಗೆ ಒಂದು ಮಗ್ಗುಲಿಗೆ ಬೆಳಕು ಬಿದ್ದರೆ ಹುಳುಗಳು ನೆರಳಿಗೆ ಸರಿದು ಒಂದರ ಮೇಲೊಂದು ಮುತ್ತುತ್ತವೆ. ಅವತ್ತು ಸಂಜೆಯೇ ಕರೆಂಟು ಹೋಗಿತ್ತು. ಸ್ವಿಚ್ಚು ಮೇಲಿದ್ದರೆ ದೀಪ ಆರಿದ ಹಾಗೆ ಎಂಬುದು ಎಲ್ಲರ ಮನೆಯ ರೂಢಿ. ಕರೆಂಟು ಬಂದರೆ ದೀಪ ಹತ್ತಬಾರದೆಂದು ನಲ್ಲಪ್ಪ ತೋಟದ ಬಾಗಿಲ ಸ್ವಿಚ್ಚನ್ನು ಮೇಲೆ ಮಾಡಿದರು. ಅದು ಗೊತ್ತಿಲ್ಲದೆ ಓಬಳಮ್ಮ ಮನೆಯ ಬಾಗಿಲದ್ದನ್ನೂ ಮೇಲೆ ಮಾಡಿದರು. ಎರಡೂ ಮೇಲಾದವು, ಎರಡೂ ಒಂದೇ ವೈರು ಹಿಡಿದವು. ಎಲ್ಲರೂ ಮಲಗಿದ ಮೇಲೆ ಕರೆಂಟು ಬಂತು, ದೀಪ ಬೆಳಗಿನ ತನಕ ಉರಿಯಿತು. ನೆರಳಿನ ಕಡೆ ಗುಂಪುಗಟ್ಟಿದ ಹುಳುಗಳು ಎರಡೆರಡು ಸೇರಿ ಒಂದೊಂದು ಗೂಡು ಕಟ್ಟಿದವು. ಅಂಥ ಜೋಡಿ ಗೂಡಿನ ನೂಲು ಸಿಕ್ಕುಸಿಕ್ಕಾಗುತ್ತದೆ. ಮಾರ್ಕೆಟ್ಟಿನಲ್ಲಿ ಕೈಗೆತ್ತಿ ನೋಡಿದವರೆಲ್ಲ ಕೆಳಗಿಟ್ಟರು.

ಯಾರ ತಪ್ಪು ಎಂದು ಹುಡುಕುವಾಗ ವೈರಿಂಗ್ ಮಾಡಿದವರ ಹೆಸರು ಮೊದಲು ನಾಲಿಗೆಗೆ ಬಂತು. "ಹೆಂಡ್ತಿ ಚಿಂತೇಲಿ ವೈರು ಅದಲು ಬದಲು ಮಾಡವ್ನೆ" ಎಂಬ ಮಾತು ಸೊಪ್ಪಿನ ಗಾಡಿಗಳ ಜೊತೆ ಸುತ್ತಲ ಹಳ್ಳಿಗಳಿಗೆ ಹೋಯಿತು. ಆಗ ಮುನಿಶಾಮಿ ತಿಥಿ ಮುಗಿಸಿ ಮನೆಯಲ್ಲಿ ಸುಮ್ಮನೆ ಕೂತಿದ್ದ ದಿನಗಳು. ಬಂದು ವಾದ ಮಾಡಲಿಲ್ಲ. ನಲ್ಲಪ್ಪ ಬಲ್ಬು ಬಿಚ್ಚಿಟ್ಟು ಲಾಟೀನು ಹಿಡಿದರು.

"ಕೀಳ್ತೀನಣ್ಣ. ಕೀಳಕ್ಕೆ ಮುಂಚೆ ಒಂದ್ಸಲ ಬಲ್ಬು ಹಾಕಿ ನೋಡಣ" ಎಂದು ಮುನಿಶಾಮಿ ಈಗ ಮೆಲ್ಲಗೆ ಕೇಳುತ್ತಾರೆ. ಬಲ್ಬು ಬರುತ್ತದೆ. ಒಂದು ಸ್ವಿಚ್ಚು ಮೇಲೆ, ಒಂದು ಕೆಳಗೆ: ಕತ್ತಲು. ಎರಡೂ ಮೇಲೆ: ಬೆಳಕು. ನಲ್ಲಪ್ಪ ಬಲ್ಬನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡುತ್ತಾರೆ.

"ಅವತ್ತು ನೀನೂ ಮೇಲ್ ಮಾಡಿದ್ದಾ?"

"ಮಾಡ್ದೆ. ನೀನು ಮಾಡಿದೀಯ ಅಂತ ನಂಗೇನು ಕನಸು ಬಿದ್ದಿತ್ತಾ?"

ನಲ್ಲಪ್ಪ ತಾವೇ ಸ್ವಿಚ್ಚನ್ನು ಒಮ್ಮೆ ಕೆಳಗೆ, ಒಮ್ಮೆ ಮೇಲೆ ಮಾಡಿ ನೋಡುತ್ತಾರೆ. ಕೊನೆಗೆ, "ಸರಿ, ವೈರಿಂಗ್ ತಪ್ಪಲ್ಲ. ಆದ್ರೂ ಇನ್ನೊಂದ್ಸಲ ಮರೀತೀವಲ್ಲಪ್ಪ" ಎನ್ನುತ್ತಾರೆ.

"ಮರೆಯೋ ಹಾಗೆ ಇರಬಾರ್ದು ಅಂತ ಮೊದ್ಲೇ ನಾನು ಯೋಚ್ನೆ ಮಾಡ್ಬೇಕಿತ್ತು" ಎಂದು ಮುನಿಶಾಮಿ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ. ಮನೆಯ ಬಾಗಿಲ ಬೋರ್ಡನ್ನು ಬಿಚ್ಚಿ ಅಂಗಳಕ್ಕೆ ಒಯ್ಯುತ್ತಾರೆ, ಮರದ ಪುಡಿ ಸೊಪ್ಪಿನ ಮೇಲೆ ಬೀಳಬಾರದು. ಅಲ್ಲಿ ಇನ್ನೊಂದು ತೂತು ಕೊರೆದು, ಮಾಮೂಲಿ ಸ್ವಿಚ್ಚೊಂದನ್ನು ಕೂರಿಸಿ, ಕರೆಂಟು ಮೊದಲು ಅದರೊಳಗೆ ಹಾದು ಆಮೇಲೆ ಟೂ-ವೇಗೆ ಹೋಗುವಂತೆ ವೈರು ಜೋಡಿಸುತ್ತಾರೆ. ಚಂದ್ರಿಕೆಯ ದಿನಗಳಲ್ಲಿ ಇದನ್ನು ಮೇಲೆ ಮಾಡಿಬಿಟ್ಟರೆ ಮಿಕ್ಕ ಎರಡು ಹೇಗಿದ್ದರೂ ದೀಪ ಹತ್ತದು.

ಬೋರ್ಡು ಗೋಡೆಗೆ, ಫ್ಯೂಸು ಅದರ ಜಾಗಕ್ಕೆ ಮರಳುತ್ತವೆ. ಇನ್ನು ಸರಿ ನೋಡಬೇಕು. ಮುನಿಶಾಮಿ ತೋಟದ ಬಾಗಿಲಲ್ಲಿ ಒತ್ತಿ, ತಟ್ಟೆಗಳ ಸಾಲು ದಾಟಿ ಈ ತುದಿಗೆ ಬಂದು, ಒತ್ತಿ, ಮತ್ತೆ ಆ ತುದಿಗೆ ನಡೆಯುತ್ತಾರೆ. ಒಂದು ವರ್ಷದಿಂದ ಎಲ್ಲ ಮನೆಯಲ್ಲೂ ಹೀಗೇ. ಓಬಳಮ್ಮ ನೋಡುತ್ತಾ ನಿಂತಿದ್ದವರು ಸೆರಗಿಗೆ ಕೈ ಒರೆಸಿಕೊಂಡು ಮನೆಯ ಬಾಗಿಲ ಬೋರ್ಡಿನ ಪಕ್ಕಕ್ಕೆ ಬರುತ್ತಾರೆ.

"ನೀನು ಅಲ್ಲೇ ಇರಣ್ಣ. ಎಷ್ಟು ಸಲ ನಡೀತೀಯ? ಒತ್ತು."

ಮುನಿಶಾಮಿ ಒತ್ತುತ್ತಾರೆ. ದೀಪ ಹತ್ತುತ್ತದೆ.

"ವಚ್ಚಿಂದಿ!" ಎಂದು ಓಬಳಮ್ಮ ಕೂಗುತ್ತಾರೆ. ಕೂಗಿದ ಮೇಲೆ ತಮಗೇ ಏನೋ ಆದಂತಾಗಿ ಸೆರಗು ಬಾಯಿಗೆ ಹಿಡಿಯುತ್ತಾರೆ. "ಅವಮ್ಮ ಹಂಗೇ ಕೂಗ್ತಿದ್ಲಲ್ಲಣ್ಣ, ಅದೇ ಬಾಯಿಗೆ ಬಂತು."

ತೋಟದ ಬಾಗಿಲಲ್ಲಿ ಬೆರಳು ಸ್ವಿಚ್ಚಿನ ಮೇಲೇ ಇದೆ. "ಇನ್ನೊಂದ್ಸಲ ನೋಡಣ ಓಬಳಕ್ಕ" ಎನ್ನುತ್ತಾರೆ ಮುನಿಶಾಮಿ. ನೋಡಬೇಕಾದ್ದೇನೂ ಉಳಿದಿಲ್ಲ.

ಕೀಳುವ ಮಾತನ್ನು ಮತ್ತೆ ಯಾರೂ ಎತ್ತುವುದಿಲ್ಲ. ಹೊರಡುವಾಗ ನಲ್ಲಪ್ಪ ಏಣಿಯನ್ನು ತಾವೇ ಗಾಡಿಗೆ ಕಟ್ಟಿಕೊಡುತ್ತಾರೆ. "ಊರಿನೋರಿಗೆ ನಾನು ಹೇಳ್ತೀನಿ ಬಿಡಪ್ಪ" ಎನ್ನುತ್ತಾರೆ, ಮುಖ ನೋಡದೆ, ಹಗ್ಗದ ಗಂಟು ಬಿಗಿಯುತ್ತಾ.

ಶಿಡ್ಲಘಟ್ಟದಲ್ಲಿ ಮುನಿಶಾಮಿಯದು ಗೂಡು ಬೇಯುವ ವಾಸನೆಯ ಓಣಿಯಲ್ಲಿ ಒಂಟಿ ಕೋಣೆ. ಅಲ್ಲೂ ಒಂದು ಟೂ-ವೇ ಇದೆ: ಒಂದು ಸ್ವಿಚ್ಚು ಬಾಗಿಲಿಗೆ, ಒಂದು ಮಂಚದ ತಲೆದಿಂಬಿನ ಹತ್ತಿರ. ಹಾಸಿಗೆ ಹಿಡಿದ ದಿನಗಳಲ್ಲಿ, ಸಂಜೆ ಗಾಡಿಯ ಸದ್ದು ಕೇಳಿದ ಕೂಡಲೆ ಅಮ್ಮಾಜಮ್ಮ ಮಲಗಿದಲ್ಲಿಂದಲೇ ದೀಪ ಹಾಕುತ್ತಿದ್ದರು. ಈಗ ಮುನಿಶಾಮಿ ಬಾಗಿಲದ್ದನ್ನಷ್ಟೇ ಬಳಸುತ್ತಾರೆ. ಮಲಗುವಾಗಲೂ ಅಲ್ಲೇ ಆರಿಸಿ, ಕತ್ತಲಲ್ಲಿ ತಡವಿಕೊಂಡು ಮಂಚಕ್ಕೆ ಹೋಗುತ್ತಾರೆ. ಪಕ್ಕದ ಮನೆಯ ವರಲಕ್ಷ್ಮಿ ಸಾರು ಕೊಡಲು ಬಂದಾಗಲೆಲ್ಲ ರೇಗುವ ಹಾಗೆ ಇವತ್ತೂ ರೇಗುತ್ತಾಳೆ: "ಊರಿಗೆಲ್ಲ ಎರಡೆರಡು ಸ್ವಿಚ್ ಹಾಕ್ಕೊಡ್ತೀಯ, ನೀನ್ ಮಾತ್ರ ಮಂಚದ ಕಾಲಿಗೆ ಎಡವ್ತೀಯ. ತಲೆ ಹತ್ರಾನೇ ಐತಲ್ಲ ಮಾವ, ಒತ್ತಬಾರ್ದಾ?"

"ಅದು ಅವಳ ಕಡೆ ಸ್ವಿಚ್ಚು ಕಣಮ್ಮ. ಕೊನೇಲಿ ಒತ್ತಿದ್ದು ಅವಳೇ. ಹಂಗೇ ಇರ್ಲಿ" ಎನ್ನುತ್ತಾರೆ ಮುನಿಶಾಮಿ. ಸಾರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮತ್ತೆ ಅವರೇ ಹೇಳುತ್ತಾರೆ: "ನಲ್ಲಣ್ಣನ ಮನೇದನ್ನ ಮಾತ್ರ ಒತ್ತುತಾ ಇರ್ಲಿ. ಅಲ್ಲಿ ಎರಡು ತುದೀಲೂ ಜನ ಅವ್ರೆ."