ಹವಳದ ನೀರಿಗೆ ತಾಗಿದ ಉಸಿರು

ನನ್ನ ವಯಸ್ಸಿನವರು ಬೆಳಗಾಗುತ್ತಲೇ ತಮ್ಮ ರಕ್ತದ ಸಕ್ಕರೆ ನೋಡಿಕೊಂಡರೆ, ನಾನು ನೀರಿನ ಹುಳಿ ನೋಡುತ್ತೇನೆ. ಉಡುಪಿಯವನಾದ ನನಗೆ ಸಾರಿನ ಹುಳಿಯನ್ನು ವಾಸನೆಯಿಂದಲೇ ಅಳೆಯಬಲ್ಲೆನೆಂಬ ಅಹಂಕಾರವಿತ್ತು. ಆದರೆ ಸಮುದ್ರದ ನೀರು ಯಾರ ಮೂಗಿಗೂ ಮರ್ಯಾದೆ ಕೊಡುವುದಿಲ್ಲ. ಅದಕ್ಕೆ ಪಿಎಚ್ ಮೀಟರೇ ಬೇಕು. ಅಂಕಿ ಇಳಿದಷ್ಟೂ ಹುಳಿ ಹೆಚ್ಚು.

ಐರೋಲಿಯ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ಜೀವಂತ ಹವಳಗಳ ತೊಟ್ಟಿ ಇಟ್ಟವಳು ನನ್ನ ಹೆಂಡತಿ ಸುಮತಿ. ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು, ಮಲ್ಪೆಯ ಕಡಲು ನೋಡುತ್ತ ಬೆಳೆದವಳು. ಕಿಟಕಿಯಾಚೆಯ ಖಾಡಿಯ ಕಪ್ಪು ಹಿನ್ನೀರು ಅವಳಿಗೆ ಸಮುದ್ರದ ಅಣಕದಂತೆ ಕಾಣುತ್ತಿತ್ತು. ತೊಟ್ಟಿಯ ಆಡಳಿತವೆಲ್ಲ ಅವಳದು, ಬಕೆಟ್ ಹೊರುವ ಪದವಿ ಮಾತ್ರ ನನ್ನದು.

ಕಳೆದ ವರ್ಷ ಅವಳ ಶ್ವಾಸಕೋಶ ಗಟ್ಟಿಯಾಗತೊಡಗಿತು. ಧೂಳು ತಾಗಕೂಡದೆಂದರು ಡಾಕ್ಟರು. ಕಿಟಕಿಗಳನ್ನೆಲ್ಲ ಮುಚ್ಚಿದೆ, ಆಮ್ಲಜನಕದ ಯಂತ್ರ ಬಂತು. ಕೆಲವೇ ವಾರಗಳಲ್ಲಿ ಹವಳಗಳು ಮುದುಡಿದವು. ಎಂಟರ ಮೇಲಿರಬೇಕಾದ ಮೀಟರು ಬೆಳಗ್ಗೆ ಏಳು ಪಾಯಿಂಟ್ ಏಳು ತೋರಿಸುತ್ತಿತ್ತು. ಹುಳಿ ತಗ್ಗಿಸಲು ಅಂಗಡಿಯ ಪುಡಿ ಸುರಿದರೆ ಅಂಕಿ ಒಂದು ಗಳಿಗೆ ಏರಿ, ಮರುದಿನ ಮತ್ತೆ ಅಲ್ಲಿಗೇ ಇಳಿಯುತ್ತಿತ್ತು.

ಉಲ್ಹಾಸನಗರದಲ್ಲಿ ಮೀನಿನ ತೊಟ್ಟಿಗಳ ಅಂಗಡಿ ಇಟ್ಟ ಮುದುಕರೊಬ್ಬರು ಕೇಳಿ ತಲೆಯಾಡಿಸಿದರು: "ಸಾಬ್, ಪೌಡರ್ ಬಂದ್ ಕರೋ, ಖಿಡ್ಕಿ ಖೋಲೋ." ಪುಡಿ ಬಿಟ್ಟು ಕಿಟಕಿ ತೆರೆಯಬೇಕಂತೆ. ಮುಚ್ಚಿದ ಮನೆಯಲ್ಲಿ ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿ ಹುಳಿಯಾಗುತ್ತದಂತೆ. ಕಿಟಕಿ ಯಾಕೆ ತೆರೆಯುವಂತಿಲ್ಲವೆಂದು ಹೇಳಿದೆ. ಅವರು ಸಣ್ಣ ಪೈಪೊಂದನ್ನು ಕತ್ತರಿಸಿ ಕೊಟ್ಟರು: ಒಂದು ತುದಿ ತೊಟ್ಟಿಯ ಗಾಳಿಯಂತ್ರಕ್ಕೆ, ಇನ್ನೊಂದು ಗೋಡೆಯ ತೂತಿನಿಂದ ಹೊರಗಿನ ಗಾಳಿಗೆ.

ಸಂಗತಿ ತಿಳಿದು ಸುಮತಿ ಪೈಪನ್ನೇ ನೋಡುತ್ತ ಕುಳಿತಳು. "ಅಂದ್ರೆ ಇಷ್ಟು ದಿನ ಅವನ್ನ ಕೊಲ್ತಾ ಇದ್ದದ್ದು ನನ್ನ ಉಸಿರು."

"ನಂದೂ ಇತ್ತಲ್ಲ?"

"ನಿಮ್ಮದು ಉಸಿರು ಎಂತದ್ದು ಮಾರಾಯ್ರೆ, ಗೊರಕೆ!" ಎಂದು ನಕ್ಕಳು. ಆ ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಅರ್ಧ ಗಂಟೆ ಹಿಡಿಯಿತು.

ಪೈಪು ಜೋಡಿಸಿದ ಮೇಲೆ ಪ್ರತಿ ಬೆಳಗ್ಗೆ ಹಾಸಿಗೆಯಿಂದಲೇ ಕೇಳುತ್ತಿದ್ದಳು: "ಎಷ್ಟಾಯ್ತು?" ಏಳು ಪಾಯಿಂಟ್ ಎಂಟು, ಏಳು ಪಾಯಿಂಟ್ ಒಂಬತ್ತು. ಒಂದು ದಿನ ಅವಳ ಮುಖ ನೋಡಲಾರದೆ "ಎಂಟು ಪಾಯಿಂಟ್ ಎರಡು" ಎಂದುಬಿಟ್ಟೆ. ಟೀಚರಮ್ಮ ಕಣ್ಣು ಮುಚ್ಚಿಕೊಂಡೇ ಅಂದಳು: "ರಾತ್ರಿಯೆಲ್ಲ ಹವಳವೂ ಉಸಿರು ಬಿಡ್ತದೆ. ಬೆಳಗ್ಗೆಗೆ ಅಷ್ಟು ಏರ್ಲಿಕ್ಕಿಲ್ಲ. ಸುಳ್ಳು ಹೇಳ್ಬೇಡಿ."

ಅದಾಗಿ ಎಂಟು ದಿನಕ್ಕೆ, ಒಂದು ಮಧ್ಯಾಹ್ನ, ಅವಳು ಹೋದಳು.

ಡೊಂಬಿವಲಿ, ಕಲ್ಯಾಣಗಳಿಂದ ನೆಂಟರು ಬಂದು ಹದಿಮೂರು ದಿನ ಮನೆ ತುಂಬಿತ್ತು. ಎಲ್ಲರೂ ಹೊರಟ ಮರುಬೆಳಗ್ಗೆ ಮೀಟರು ನೋಡಿದೆ. ಎಂಟು ಪಾಯಿಂಟ್ ಎರಡು. ಹವಳಗಳು ಬೆರಳು ಬಿಚ್ಚಿದಂತೆ ಅರಳಿದ್ದವು. ಮನೆಯಲ್ಲಿ ಒಂದು ಉಸಿರು ಕಡಿಮೆಯಾಗಿದೆಯೆಂಬುದನ್ನು ಆ ಯಂತ್ರ ಯಾವ ಸಂಕೋಚವೂ ಇಲ್ಲದೆ ಬರೆದಿಟ್ಟಿತ್ತು.

ನಾನು ಪೈಪನ್ನು ಕಳಚಿದೆ. ನೆಂಟರು ತೆರೆದಿಟ್ಟು ಹೋಗಿದ್ದ ಕಿಟಕಿಗಳನ್ನೆಲ್ಲ ಮುಚ್ಚಿ, ತೊಟ್ಟಿಯ ಪಕ್ಕ ಕುರ್ಚಿ ಎಳೆದು ಕುಳಿತು, ಅಂಕಿ ಮತ್ತೆ ಅವಳಿದ್ದಾಗಿನಷ್ಟಕ್ಕೆ ಇಳಿಯಲೆಂದು ಜೋರಾಗಿ ಉಸಿರು ಬಿಡುತ್ತ ಕಾದೆ. ಮಧ್ಯಾಹ್ನವಾದರೂ ಅಂಕಿ ಇಳಿಯಲಿಲ್ಲ.