ಟೈಲರಕ್ಕನ ಕೆಂಪು ಬಣ್ಣ

ನಿನ್ನೆ ಮಗಳ ಬಣ್ಣದ ಪೆಟ್ಟಿಗೆಯಲ್ಲಿ ಕೆಂಪು ಮುಗಿದಿತ್ತು. ಅವಳ ಹಠಕ್ಕೆ ಸೋತು ಬಟ್ಟಲಲ್ಲಿ ಅರಿಸಿನ ಕದಡಿ, ವೀಳ್ಯದ ಸುಣ್ಣ ಚಿಟಿಕೆಯಷ್ಟು ಹಾಕಿದೆ. ನೀರು ಕೆಂಪಾಯಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಜಾಲ್ಸೂರಿನ ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿದ್ದ ಟೈಲರಕ್ಕ ನೆನಪಾದಳು…

ಅಮ್ಮ ಆಗ ಬೀಡಿ ಕಟ್ಟುತ್ತಿದ್ದಳು. ಐದು ವರ್ಷದ ನಾನು ಎಲೆ ಕತ್ತರಿಸುವ ಕತ್ತರಿಗೇ ಕೈ ಹಾಕುತ್ತಿದ್ದೆ. ಗೋಡೆಯಾಚೆ ಒಂಟಿಯಾಗಿದ್ದ ಟೈಲರಕ್ಕ ನನ್ನನ್ನು ಕರೆದು ಕೂರಿಸಿಕೊಳ್ಳುತ್ತಿದ್ದಳು. ಅವಳ ಆಟಗಳಿಗೆ ಹೆಚ್ಚೇನೂ ಬೇಡ. ಬೆಂಡೆಕಾಯಿಯ ತೊಟ್ಟು ಕೊಯ್ದು ಇದೇ ಅರಿಸಿನ ಸುಣ್ಣದ ಕೆಂಪು ನೀರಲ್ಲಿ ಅದ್ದಿ ಹಳೆ ಪೇಪರಿಗೆ ಒತ್ತಿದರೆ ಹೂವು. ಕೋಟಿನ ದೊಡ್ಡ ಗುಂಡಿಗೆ ನೂಲು ಪೋಣಿಸಿ ಎಳೆದರೆ ಗುಂಯ್ ಎನ್ನುವ ಬುಗುರಿ. ಅವಳು ಮಿಷನ್ ತುಳಿಯುತ್ತಿದ್ದಳು, ನಾನು ನನ್ನ ಪಾಡಿಗೆ ಕೈ ಕೆಂಪು ಮಾಡಿಕೊಳ್ಳುತ್ತಿದ್ದೆ. ಗಾಳಿಗೆ ಪೇಪರು ಹಾರುತ್ತದೆಂದು ಬಾಗಿಲು ಹಾಕಿಕೊಳ್ಳುವುದಿತ್ತು.

ಅಮ್ಮನಿಗೆ ಆ ಬಾಗಿಲೇ ಸರಿಬರಲಿಲ್ಲ. "ಅಷ್ಟು ಹೊತ್ತು ಬಾಗಿಲು ಹಾಕಿ ಎಂತ ಮಾಡುದು? ಕುಡಿಲಿಕ್ಕೆ ಎಂತಾದ್ರೂ ಕೊಟ್ಳಾ?" ಎಂದು ದಿನಾ ವಿಚಾರಣೆ. ಅತಿ ವಿನಯ ಧೂರ್ತ ಲಕ್ಷಣ ಎಂಬುದು ಅಮ್ಮನ ಸಿದ್ಧಾಂತ. ಹೆತ್ತ ತಾಯಿಗೇ ಬೇಸರ ಬರಿಸುವ ಮಗುವನ್ನು ಹೊರಗಿನವಳು ಯಾಕೆ ಕರೆಯಬೇಕು? ಅದರ ಮೇಲೆ ಅವಳು ಕಾಸರಗೋಡು ಕಡೆಯವಳು. ಗಡಿಯಾಚೆಯವರಿಗೆ ಮಾಟ ಎಂದರೆ ನೀರು ಕುಡಿದಷ್ಟು ಸುಲಭ ಎಂದು ನಮ್ಮ ಓಣಿಯೇ ನಂಬಿತ್ತು. ಕೇಳಿ ಕೇಳಿ ನಾನೂ ಅವಳನ್ನು ಓರೆಗಣ್ಣಿನಿಂದ ನೋಡತೊಡಗಿದೆ. ಸುಮ್ಮನೆ ಯಾಕೆ ನಗುತ್ತಾಳೆ? ನನ್ನ ತಲೆ ಯಾಕೆ ಸವರುತ್ತಾಳೆ?

ಒಂದು ದಿನ ಚಿಂದಿ ಬಟ್ಟೆಯ ಗೊಂಬೆ ಮಾಡಿದೆವು. ಹೊಟ್ಟೆಗೆ ಹತ್ತಿ. ತಲೆಗೆ, ನನ್ನ ಜಡೆ ಬಾಚುವಾಗ ಉದುರಿದ ಕೂದಲು. ಲಂಗ ಜಾರದ ಹಾಗೆ ಸೊಂಟಕ್ಕೆ ಒಂದು ಗುಂಡುಸೂಜಿ. ಕೆಂಪು ಕೈಯಲ್ಲಿ ಅದನ್ನು ಹಿಡಿದು ಕುಣಿಯುತ್ತಾ ಮನೆಗೆ ಬಂದೆ. ಅದೇ ಸಂಜೆ ನನಗೆ ಜ್ವರ ಬರಬೇಕೇ!

"ಕುರ್ದಿ ನೀರು! ಮಗುವಿನ ಕೂದಲು! ಹೊಟ್ಟೆಗೆ ಸೂಜಿ! ಇನ್ನೆಂತ ಬೇಕು?" ಅಮ್ಮ ನಡುಗಿಹೋದಳು. ಅರಿಸಿನ, ಸುಣ್ಣ ಕಲಸಿದ ಆ ಕೆಂಪು ನೀರು ನಮ್ಮಲ್ಲಿ ದೃಷ್ಟಿ ತೆಗೆಯಲಿಕ್ಕೆ, ದೈವದ ಕೆಲಸಕ್ಕೆ. ಅದರಲ್ಲಿ ಯಾರಾದರೂ ಮಕ್ಕಳನ್ನು ಆಡಿಸುತ್ತಾರೆಯೇ? ಗೊಂಬೆಯನ್ನು ಇಕ್ಕುಳದಲ್ಲಿ ಎತ್ತಿ ಬಚ್ಚಲ ಒಲೆಗೆ ಹಾಕಿದಳು. ಮರುದಿನ ಜ್ವರ ಇಳಿಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಯಾಯಿತು. ಅಮ್ಮನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಕೆಲವು ದಿನ ಕಾದು ಟೈಲರಕ್ಕನೇ ನಮ್ಮ ಜಗಲಿಗೆ ಬಂದಳು. "ಮಗು ಯಾಕೆ ಬರುದಿಲ್ಲ? ನನ್ನಿಂದ ಎಂತಾದ್ರೂ ತಪ್ಪಾಯ್ತಾ?"

"ಎಂತ ಇಲ್ಲ ಮಾರಾಯ್ತಿ. ಅವಳಿಗೆ ಅಕ್ಷರ ಕಲೀಲಿಕ್ಕೆ ಉಂಟು," ಎಂದಳು ಅಮ್ಮ, ಬೀಡಿಯಿಂದ ತಲೆ ಎತ್ತದೆ.

ಟೈಲರಕ್ಕ ನನ್ನತ್ತ ಬಗ್ಗಿ ಕೈ ಚಾಚಿದಳು. "ಬರ್ತೀಯಾ?"

ಹೋಗಬೇಕೆಂದು ತುಂಬಾ ಆಸೆಯಿತ್ತು. ಆದರೆ ಅವಳ ಬೆರಳ ತುದಿ ಕೆಂಪಗಿತ್ತು… ನಾನು ಅಮ್ಮನ ಸೀರೆ ಹಿಡಿದು ಹಿಂದೆ ಅಡಗಿದೆ. ಅವಳು ಚಾಚಿದ ಕೈಯನ್ನು ಸೆರಗಿಗೆ ಒರಸಿಕೊಂಡು ಹೋದಳು. ಆ ಮಳೆಗಾಲಕ್ಕೆ ಮೊದಲೇ ಮಿಷನ್ ಕಟ್ಟಿಕೊಂಡು ಸುಳ್ಯಕ್ಕೆ ಮನೆ ಬದಲಿಸಿದಳು. ನಾನು ಬಾರದೆ ಹೋದ ಕಾರಣವನ್ನು ಅವಳಿಗೆ ಯಾರೂ ಹೇಳಲಿಲ್ಲ.

ನಿನ್ನೆ ಸಂಜೆ ಪುತ್ತೂರಿನಿಂದ ಅಮ್ಮನಿಗೆ ಫೋನು ಮಾಡಿ, ಟೈಲರಕ್ಕ ಈಗ ಎಲ್ಲಿದ್ದಾಳೆ ಎಂದು ಕೇಳಿದೆ.

"ಅವಳಾ? ತೀರಿಹೋಗಿ ಸುಮಾರು ಸಮಯ ಆಯ್ತಲ್ಲಾ. ಪಾಪ, ಒಳ್ಳೆ ಹೆಂಗಸು. ನಿನ್ನನ್ನು ಎಷ್ಟು ಚಂದ ಆಡಿಸ್ತಿದ್ಳು!"

ನನಗೆ ರೇಗಿತು. "ಮತ್ತೆ ನನ್ನನ್ನು ಕಳಿಸುದು ಯಾಕೆ ನಿಲ್ಲಿಸಿದ್ದು?"

"ನಾನಾ? ನಾನೆಲ್ಲಿ ನಿಲ್ಲಿಸಿದೆ? ಅವಳು ಕರೀಲಿಕ್ಕೆ ಬಂದಾಗ ನೀನೇ ಹೋಗದೆ ನನ್ನ ಸೀರೆ ಹಿಡ್ಕೊಂಡದ್ದಲ್ವಾ?"

ಅಮ್ಮ ನಿಜಕ್ಕೂ ಮರೆತಿದ್ದಾಳೋ, ಜಾರಿಕೊಳ್ಳುತ್ತಿದ್ದಾಳೋ… ನನಗೆ ಈಗಲೂ ಅನುಮಾನವೇ. ಆದರೆ ಅವಳು ಹೇಳಿದ್ದು ಸುಳ್ಳಲ್ಲ. ಟೈಲರಕ್ಕ ಕೊನೆಯ ಸಲ ನೋಡಿದ್ದು ಅದನ್ನೇ.