ಆಂಟಿಯ ಹೆಜ್ಜೆ ನಮಸ್ಕಾರ

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಆಂಟಿಯ ಸೆರಗಿನ ಅಂಚನ್ನು ಬಟ್ಟೆ ಕ್ಲಿಪ್ಪುಗಳು ಸಾಲಾಗಿ ಕಚ್ಚಿಕೊಂಡಿದ್ದವು, ಕೆಂಪು, ನೀಲಿ, ಹಸಿರು. ಒಣಗಿದ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಹಿತ್ತಿಲಿನ ಮೂರು ಮೆಟ್ಟಿಲು ಹತ್ತುತ್ತಿದ್ದರು. ಅವರ ಚಪ್ಪಲಿ ಜಾರುತ್ತಿರುವುದು ನನಗೆ ಅಡುಗೆಮನೆಯ ಕಿಟಕಿಯಿಂದ ಕಂಡಿತು. "ಆಂಟೀ!" ಎಂದು ಕೂಗಿದೆ. ಅವರು ಕತ್ತು ತಿರುಗಿಸಿದರು. ಅಷ್ಟೇ. ಬುಟ್ಟಿ ಒಂದು ಕಡೆ, ಅವರು ಇನ್ನೊಂದು ಕಡೆ.

ಬ್ರಿಸ್ಬೇನಿಗೆ ಓದಲು ಬಂದ ನಾನು ರನ್‌ಕಾರ್ನ್ ಬಡಾವಣೆಯಲ್ಲಿ ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಎಪ್ಪತ್ತು ದಾಟಿದ ಮೈಸೂರಿನ ಹೆಂಗಸು. ಗಂಡ ತೀರಿಕೊಂಡ ಮೇಲೂ ಆ ಮನೆ ಬಿಟ್ಟಿರಲಿಲ್ಲ. ಸಾರಿಗೆ ಉಪ್ಪು ನೋಡಲು ನನ್ನನ್ನು ಕರೆಯುವರು. ಸರಿಯಿದೆ ಎಂದರೂ ನಂಬದೆ ಇನ್ನೊಂದು ಚಿಟಿಕೆ ಹಾಕುವರು.

ಮಣಿಕಟ್ಟು ಮುರಿದಿತ್ತು. ತಲೆ ಬಿದ್ದದ್ದು ಮೆಟ್ಟಿಲಿನ ಅಂಚಿನಿಂದ ನಾಲ್ಕು ಬೆರಳು ಆಚೆ. ಆ ನಾಲ್ಕು ಬೆರಳನ್ನು ನಾನು ಹಾಸಿಗೆಯಲ್ಲಿ ಮತ್ತೆ ಮತ್ತೆ ಅಳೆದೆ. ರಾತ್ರಿ ಅವರು ಬಾತ್‌ರೂಮಿಗೆ ಎದ್ದರೆ ನನಗೂ ಎಚ್ಚರ.

ಪರ್ತ್‌ನಲ್ಲಿದ್ದ ಮಗ ವಿಡಿಯೋ ಕಾಲ್‌ನಲ್ಲಿ ಖಡಾಖಂಡಿತವಾಗಿ ಹೇಳಿದರು: "ಅಮ್ಮ, ಇನ್ನೊಂದ್ಸಲ ಬಿದ್ರೆ ಮನೆ ಮಾರಿ ಪಿಯಾರಾ ವಾಟರ್ಸ್‌ನ ನಮ್ಮನೆಗೆ ಬಂದ್ಬಿಡ್ಬೇಕು."

"ಬಿದ್ರೆ ತಾನೇ?" ಎಂದರು ಆಂಟಿ.

ಮೂಳೆ ಕೂಡಿದ ಮೇಲೂ ನಾನು ಅವರ ತೋಳು ಬಿಡಲಿಲ್ಲ. ಕೂತಲ್ಲಿಗೇ ಕಾಫಿ, ಕೂತಲ್ಲಿಗೇ ಊಟ. ಕ್ರಮೇಣ ಕುರ್ಚಿಯಿಂದ ಏಳುವುದಕ್ಕೂ ಅವರಿಗೆ ನನ್ನ ಕೈ ಬೇಕಾಯಿತು. ವ್ಯಾಯಾಮ ಕಲಿಸಲು ಮನೆಗೆ ಬರುತ್ತಿದ್ದ ಫಿಸಿಯೋ ಹುಡುಗಿ ಅದನ್ನು ನೋಡಿ ಬೈದದ್ದು ನನಗೆ. ನೀನು ಹಿಡಿದಷ್ಟೂ ಅವರ ಕಾಲು ಕೆಲಸ ಮರೆಯುತ್ತದೆ, ಪಕ್ಕದಲ್ಲಿ ನಿಲ್ಲು, ಮುಟ್ಟಬೇಡ ಎಂದಳು.

ಕೈ ಊರದೆ ಕುರ್ಚಿಯಿಂದ ಏಳುವುದು, ಸಿಂಕಿನ ಅಂಚು ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು, ಹೀಗೆ ವ್ಯಾಯಾಮ ಶುರುವಾಯಿತು. ಆಮೇಲೆ ಅವಳು ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ನೇರವಾಗಿ ನಡೆದು ತೋರಿಸಿದಾಗ ಆಂಟಿ ನಕ್ಕುಬಿಟ್ಟರು.

"ಅಯ್ಯೋ, ಇದು ಹೆಜ್ಜೆ ನಮಸ್ಕಾರ ಕಣೋ! ಮಗ ಪಾಸಾಗ್ಲಿ ಅಂತ ದೇವಸ್ಥಾನದ ಸುತ್ತ ಎಷ್ಟು ಹಾಕಿದೀನಿ!"

"ಈಗ ಯಾರಿಗೋಸ್ಕರ ಆಂಟಿ?"

"ನಂಗೋಸ್ಕರ. ನನ್ನ ಕಾಲಿಗೆ ನಾನೇ ಹರಕೆ ಹೊತ್ಕೊಂಡಿದೀನಿ."

ದಿನವೂ ಸ್ನಾನ ಮಾಡಿ, ಹಜಾರದ ಗೋಡೆಗುಂಟ ಹೆಜ್ಜೆಗೆ ಹೆಜ್ಜೆ ಜೋಡಿಸುತ್ತಿದ್ದರು. ಮೊದಮೊದಲು ಒಂದು ಕೈ ಗೋಡೆಯ ಮೇಲೆ. ವಾರಗಳು ಕಳೆದಂತೆ ಎರಡೂ ಕೈ ಮುಗಿದೇ ನಡೆದರು. ತಪ್ಪಿದರೆ ಆ ಸುತ್ತು ಲೆಕ್ಕಕ್ಕಿಲ್ಲ, ಮೊದಲಿನಿಂದ ಮತ್ತೆ. ಎರಡಡಿ ದೂರದಲ್ಲಿ ತೋಳು ಚಾಚಿ ನಿಂತ ನನ್ನನ್ನು "ಬಾಡಿಗಾರ್ಡು, ಉಸಿರಾದ್ರೂ ಬಿಡಪ್ಪ" ಎಂದು ರೇಗಿಸುತ್ತಿದ್ದರು.

ಕೊನೆಯ ಪಾಠ ಬಂತು: ನಡೆಯುವಾಗ ಯಾರಾದರೂ ಕರೆದರೆ ಕತ್ತು ತಿರುಗಿಸಬೇಕು, ಹೆಜ್ಜೆ ತಪ್ಪಬಾರದು. ಕರೆಯಬೇಕಾದವನು ನಾನು.

"ನನ್ ಕೈಲಾಗಲ್ಲ ಆಂಟಿ. ಅವತ್ತು ನಾನು ಕೂಗಿದ್ದಕ್ಕೇ ನೀವು ಬಿದ್ದಿದ್ದು."

ಅಷ್ಟು ತಿಂಗಳಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವರು ನಿಂತು ನನ್ನನ್ನೇ ನೋಡಿದರು.

"ಅವತ್ತು ಕಾಲಲ್ಲಿ ಕಸುವಿರ್ಲಿಲ್ಲ, ಬಿದ್ದೆ. ಹೋಗು, ಅದೇ ಕಿಟಕಿ ಹತ್ರ ನಿಂತ್ಕೊ. ಅವತ್ತಿನಷ್ಟೇ ಜೋರಾಗಿ ಕೂಗ್ಬೇಕು."

ಹಿಮ್ಮಡಿ ಹಿಡಿಯುವ ಶೂ ಹಾಕಿಕೊಂಡರು. ಸೆರಗಿಗೆ ಕ್ಲಿಪ್ಪು ಸಿಕ್ಕಿಸಿದರು. ಫಿಸಿಯೋ ಮೆಟ್ಟಿಲ ಪಕ್ಕದಲ್ಲಿ ನಿಂತಳು. ಆಂಟಿ ಬುಟ್ಟಿಯೊಂದಿಗೆ ಎರಡನೆಯ ಮೆಟ್ಟಿಲಿಗೆ ಕಾಲಿಟ್ಟಾಗ ನಾನು ಕಣ್ಣು ಮುಚ್ಚಿ ಕೂಗಿದೆ.

"ಆಂಟೀ!"

ಬಿದ್ದ ಸದ್ದಿಲ್ಲ. ಕಣ್ಣು ತೆರೆದೆ. ಕತ್ತು ನನ್ನ ಕಡೆಗಿತ್ತು, ಮೈ ಕೊಂಚ ತೂಗಿ ಸ್ಥಿರವಾಯಿತು.

"ಏನೋ? ಸಾರು ಉಕ್ತಾ ಇದ್ಯಾ?"

ಮನೆ ಮಾರುವ ಮಾತು ಮತ್ತೆ ಬರಲಿಲ್ಲ. ಆಂಟಿ ಕೊನೆಯವರೆಗೂ ಅಲ್ಲೇ ಇದ್ದರು. ಈಗ ಅವರಿಲ್ಲ. ನೆನೆದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಆ ಮೆಟ್ಟಿಲಿನ ದಿನದ ಮಾರನೆಯ ಬೆಳಗು. ನಾನು ಎದ್ದಾಗ ಎಂಟು ಗಂಟೆ. ರಾತ್ರಿ ಅವರು ಎದ್ದದ್ದು, ಬೆಳಗ್ಗೆ ನಮಸ್ಕಾರ ಮುಗಿಸಿದ್ದು, ಯಾವುದೂ ನನಗೆ ಕೇಳಿಸಿರಲಿಲ್ಲ. ಅಡುಗೆಮನೆಯಿಂದ ಅವರೇ ತಂದಿಟ್ಟ ಕಾಫಿ ನನ್ನ ಮೇಜಿನ ಮೇಲೆ ತಣ್ಣಗಾಗಿತ್ತು. ತಟ್ಟೆಯಲ್ಲಿ ಒಂದು ಹನಿಯೂ ಚೆಲ್ಲಿರಲಿಲ್ಲ.